ಇಳಿಯದೆ ಹೋದ ವಿಮಾನ

ಹೊಸ ಗೋಣಿಚೀಲದ ವಾಸನೆಯಲ್ಲಿ ಸೆಣಬು, ಎಣ್ಣೆ, ಧೂಳು ಮೂರೂ ಬೆರೆತಿರುತ್ತವೆ. ಮೊನ್ನೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ, ನನ್ನ ತಮ್ಮ ಶಿವರಾಜನ ತೊಗರಿ ದಲಾಲಿಯ ಅಡತಿ ಅಂಗಡಿಯಲ್ಲಿ ಚಹಾಕ್ಕಾಗಿ ಕಾಯುತ್ತ ಕುಳಿತಿದ್ದಾಗ ಆ ವಾಸನೆ ನನ್ನನ್ನು ಒಂದು ವಿಮಾನದ ಬಳಿಗೆ ಕರೆದೊಯ್ದಿತು. ತೊಗರಿಯ ನಡುವೆ ವಿಮಾನವೆಲ್ಲಿಂದ ಬಂತೆಂದು ನೀವು ಕೇಳಬಹುದು, ಸ್ವಲ್ಪ ತಾಳ್ಮೆಯಿರಲಿ.

ಆ ವಿಮಾನ ನೋಡಿದ್ದು ಯಾವ ವರ್ಷವೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಶಾಸನಗಳ ಕಾಲನಿರ್ಣಯದಲ್ಲಿಯೇ ಆಯುಷ್ಯ ಕಳೆದ ನಾನು ಅದನ್ನು ನನ್ನ ನಿವೃತ್ತಿಯ ಮರುವರ್ಷವೆನ್ನುತ್ತೇನೆ. ಶಿವರಾಜನೋ ತೊಗರಿಗೆ ಒಳ್ಳೆಯ ಧಾರಣೆ ಬಂದ ವರ್ಷವೆನ್ನುತ್ತಾನೆ. ಎರಡನ್ನೂ ಹೊಂದಿಸಹೋದರೆ ತಾಳೆಯಾಗುವುದಿಲ್ಲ. ಎರಡು ಸಾವಿರದ ಇಸವಿ ದಾಟಿತ್ತು ಎಂಬಲ್ಲಿಗೆ ನಮ್ಮ ಒಪ್ಪಂದ ನಿಂತಿದೆ.

ಅವನ ಮಗಳು ಅಂಬಿಕಾ ಆಗ ಹೈದರಾಬಾದಿನಾಚೆಯ ಒಂದು ಶಾಲೆಯಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದಳು. ಎರಡು ಸೀಟಿನ ಪುಟ್ಟ ವಿಮಾನದ ಪಾಠ ಮುಗಿದು, ಆರು ಸೀಟಿನ ದೊಡ್ಡದರಲ್ಲಿ ಮೊದಲ ಪಾಠವೆಂದು ತಿಳಿದೊಡನೆ ಶಿವರಾಜ ನನ್ನನ್ನೂ ಕರೆದುಕೊಂಡು ಹೊರಟ. ಮರಳುವ ಬಸ್ಸಿಗೆ ಅವನು ಮೂರು ಟಿಕೆಟ್ ತೆಗೆಸಿದ್ದ. ಮೂರನೆಯದು ಅವಳಿಗೆ.

“ಅಕೀಗ ಧೈರ್ಯ ಕಡಿಮಿ ಅಂತಲ್ಲ ಅಣ್ಣಾ, ಹಟಾ ಭಾಳ. ಅದರದೇ ಅಂಜಿಕಿ. ಇವತ್ತ ಕಣ್ಣಾರೆ ನೋಡ್ತೀನಿ. ಮನಸ್ಸಿಗಿ ಬರಲಿಲ್ಲಂದ್ರ ಕರಕೊಂಡೇ ಬರಾಂವ.”

ಅಂಜಿಕೆಗೆ ಆಧಾರವಿತ್ತು. ಚಿಟಗುಪ್ಪದ ರಸ್ತೆಯಲ್ಲಿ ಸ್ಕೂಟರ್ ಕಲಿಯುವಾಗ ಎದುರಿಗೆ ಬಂಡಿ ಬಂದರೂ ಬ್ರೇಕ್ ಹಿಡಿಯದೆ, ಪಕ್ಕದಲ್ಲಿ ನುಸುಳಿಯೇ ತೀರುತ್ತೇನೆಂದು ನುಗ್ಗಿ, ತಗ್ಗಿಗೆ ಬಿದ್ದು ಮೊಣಕೈ ಮುರಿದುಕೊಂಡಿದ್ದವಳು ಆಕೆ.

ನಾವು ತಲುಪಿದಾಗ ವಿಮಾನದ ಹಿಂಭಾಗದಲ್ಲಿ ಒಂದು ಮರಳಿನ ಗೋಣಿಚೀಲವನ್ನು ಬಿಗಿಯುತ್ತಿದ್ದರು. ಶಿವರಾಜನಿಗೆ ವಿಮಾನಕ್ಕಿಂತ ಚೀಲವೇ ಮೊದಲು ಕಂಡಿತು.

“ಇದ್ಯಾಕ?”

“ಮುಂದ ನಾನು, ಕಲಿಸೋ ಗುರುಗಳು ಇಬ್ಬರ ಅಪ್ಪಾ, ಹಿಂದ ಖಾಲಿ. ಮೂಗು ಭಾರ ಆಗ್ತದ,” ಎಂದಳು ಅಂಬಿಕಾ.

“ಬಂಡಿಗಿ ಮುಂದ ಹೇರಿದ್ರ ಎತ್ತಿನ ಹೆಗಲಿಗಿ ಬೀಳ್ತದಲ್ಲ, ಹಂಗ. ಬಿಗಿ ಕಟ್ಟ್ಯಾರೇನು?”

“ನಿಮ್ಮ ಹಮಾಲರಿಗಿಂತ ಛಲೋ ಕಟ್ಟ್ಯಾರ್ರಿ!”

ವಿಮಾನ ಏರಿತು, ದೂರ ಸುತ್ತಿ ಮರಳಿತು. ತಂತಿಬೇಲಿಯ ಹೊರಗೆ ನಿಂತು ನಾವಿಬ್ಬರೂ ಕತ್ತು ಚಾಚಿದೆವು. “ಇಳಸಾಕತ್ತಾಳ,” ಎಂದ ಶಿವರಾಜ. ಗಾಲಿಗಳು ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ವಿಮಾನ ತುಸು ಮೇಲಕ್ಕೆ ತೇಲಿತು. ಮರುಕ್ಷಣ ಎಂಜಿನ್ ಅಬ್ಬರಿಸಿತು; ಅದು ಇಳಿಯದೆ ನಮ್ಮನ್ನು ದಾಟಿ ಆಕಾಶಕ್ಕೇರಿತು.

“ಇಳೀಲಿಲ್ಲಲ್ಲೋ ಅಣ್ಣಾ!”

“ಇಳೀತಾಳ, ತಡಿ,” ಎಂದೆ. ಏನೂ ತಿಳಿಯದ ವಿಷಯದಲ್ಲಿ ನಿಶ್ಚಿತ ದನಿಯಿಂದ ಮಾತನಾಡುವ ಅಭ್ಯಾಸ ನನಗೆ ವಿಚಾರಸಂಕಿರಣಗಳಲ್ಲಿ ಬಂದದ್ದು.

ಎರಡನೆಯ ಸಲ ಒಮ್ಮೆ ಪುಟಿದು ನೆಲ ಹಿಡಿಯಿತು. ಬೆವರೊರೆಸುತ್ತ ಬಂದ ಮಗಳನ್ನು ಶಿವರಾಜ ಕೂರಲೂ ಬಿಡಲಿಲ್ಲ.

“ಮೊದಲ ಸಲ ಗುರುಗಳು ಎತ್ತು ಅಂದ್ರೇನು?”

“ಇಲ್ಲಪ್ಪಾ, ಅವರು ಸುಮ್ಮನ ಕೂತಿದ್ರು. ಭಾರದ ವಿಮಾನ ಅಂತ ನಾ ಹಿಡಿಕಿ ಜಾಸ್ತಿ ಎಳದೆ, ತೇಲಿತು. ಹಂಗೇ ಇಳಸಲಿಕ್ಕ ಹೋಗಿದ್ರ ಧಪ್ಪಂತ ಬೀಳ್ತಿತ್ತು. ಇಳಸೋದ ಬಿಟ್ಟೆ. ಇನ್ನೊಂದು ಸುತ್ತ ಹಾಕಿದ್ರಾತು ಅಂದೆ.”

“ಬಿಟ್ಟಿ? ನೀ?”

“ಹೌದ್ರಿ, ನಾನೇ.”

ಸಂಜೆ ಬಸ್ಸಿನಲ್ಲಿ ಶಿವರಾಜ ಮೂರನೆಯ ಸೀಟಿನ ಮೇಲೆ ತನ್ನ ಕೈಚೀಲವಿಟ್ಟ. ಕಂಡಕ್ಟರ್ ಕೇಳಿದ: “ಮೂರನೇದವರು ಬರಲಿಲ್ಲೇನ್ರಿ?”

“ಬರಂಗಿಲ್ಲ. ಕಲಿಯಾಕತ್ತಾಳ.”

ಇಷ್ಟು ನೆನೆಯುವಷ್ಟರಲ್ಲಿ ಚಹಾ ಬಂತು, ಹಿಂದೆಯೇ ಅಂಬಿಕಾಳ ಫೋನೂ ಬಂತು. ಈಗ ಅವಳು ಪ್ರಯಾಣಿಕರನ್ನು ಹೊತ್ತ ವಿಮಾನ ನಡೆಸುತ್ತಾಳೆ; ಅದೇ ದಿನ ಹೋಳಿಗೆಯೂಟಕ್ಕೆ ಮನೆಗೆ ಬರಬೇಕಿತ್ತು, ಆದರೆ ಹೈದರಾಬಾದಿನಲ್ಲಿ ಮಂಜು ಕವಿದದ್ದರಿಂದ ಇಳಿಯದೆ ಹೊರಟಲ್ಲಿಗೇ ಹಿಂದಿರುಗಿದ್ದಳಂತೆ.

“ತಿರುಗಿ ಹೋದ್ಯಾ? ಛಲೋ ಮಾಡಿದಿ,” ಎಂದು ಶಿವರಾಜ ಫೋನ್ ಇಟ್ಟು ನನ್ನತ್ತ ನೋಡಿದ. “ನಾಳಿ ಬರ್ತಾಳ. ಹೋಳಿಗಿ ನಾಳಿಗೇ. ಇಲ್ಲೇ ಇರು ಅಣ್ಣಾ.”

ಕತ್ತಲಾಗುವುದರೊಳಗೆ ಬಸವಕಲ್ಯಾಣದ ನನ್ನ ಹಾಸಿಗೆಯೇ ಬೇಕೆಂಬ ಹಟ ನನಗೂ ಇದೆ. ಚಪ್ಪಲಿ ಮೆಟ್ಟಲು ಎದ್ದಿದ್ದವನು ಮತ್ತೆ ಕುಳಿತೆ.