ಹೊಳಪು ಹಂಚಿದ ವೆಂಡೆಲ್

ಹಾರ್ಟ್‌ಫರ್ಡಿನ ನಮ್ಮ ವಿಮಾ ಕಂಪನಿಯಲ್ಲಿ ಅಧ್ಯಕ್ಷರಿಗಿಂತ ಹೆಚ್ಚು ಸಲಾಮು ಬೀಳುತ್ತಿದ್ದದ್ದು ವೆಂಡೆಲ್ ಕ್ರಾಂಟ್ಜ್‌ಗೆ. ನಮ್ಮಂಥ ಗುಮಾಸ್ತೆಯರ ಮೇಜಿನ ಮೇಲಿನ ಕಂಪ್ಯೂಟರಿನ ಹಸಿರು ಪರದೆಗಳಲ್ಲಿ ಯಾವ ಸಾಲು ಹೊಳೆಯಬೇಕು, ಯಾವುದು ಮಂದವಾಗಿರಬೇಕು ಎಂದು ತೀರ್ಮಾನಿಸುವವನು ಅವನೇ. ಕೆಳಗಿನ ಮಹಡಿಯ ದೊಡ್ಡ ಯಂತ್ರಕ್ಕೆ ಗೊತ್ತಿದ್ದದ್ದು ಈ ಎರಡೇ ಬಗೆಯ ಅಕ್ಷರ. ವೆಂಡೆಲ್‌ಗೆ ಗೊತ್ತಿದ್ದದ್ದೂ ಎರಡೇ ಬಗೆಯ ಮನುಷ್ಯರು: ವಿಭಾಗದ ಮುಖ್ಯಸ್ಥರು ಮತ್ತು ಉಳಿದವರು.

ಮುಖ್ಯಸ್ಥರು ಸೇಬಿನ ಪೈ ಹಿಡಿದು ಬರುತ್ತಿದ್ದರು. ವೆಂಡೆಲ್ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರ ವಿಭಾಗದ ಸಾಲು ಹೊಳೆಯುತ್ತಿತ್ತು. ಐದಾರು ವರ್ಷಗಳಲ್ಲಿ ಹೆಚ್ಚುಕಡಿಮೆ ಇಡೀ ಪರದೆಯೇ ಹೊಳೆದು ನಮ್ಮ ಕಣ್ಣು ಉರಿಯತೊಡಗಿತು. ಬೆಳಕಿನ ಗುಂಡಿ ತಿರುಗಿಸಿ ತಗ್ಗಿಸಿಕೊಂಡೆವು. ಹೊಳೆಯುವ ಸಾಲುಗಳು ಕಣ್ಣಿಗೆ ಹಿತವಾದವು. ಅಳಿದುಳಿದ ಮಂದ ಸಾಲುಗಳು ಕಾಣದೇ ಹೋದವು.

ಕಂಪನಿಯಿಂದ ನಿವೃತ್ತರಾಗುವವರ ವಿವರ ತುಂಬುವ ಪರದೆಯ ಕೊನೆಯ ಸಾಲು ಹಾಗೆ ಮರೆಯಾದದ್ದು: ಹೆಂಡತಿಯ ಆರೋಗ್ಯ ವಿಮೆ ಮುಂದುವರಿಸಬೇಕೇ? ಹೌದು ಎಂದು ತುಂಬದಿದ್ದರೆ ವಿಮೆ ತಾನಾಗಿ ನಿಂತುಹೋಗುತ್ತಿತ್ತು. ಒಬ್ಬ ಚಾಲಕನ ಹೆಂಡತಿಗೆ ಹಾಗಾದ ಮೇಲೆ, ಅದನ್ನು ಹೊಳೆಯಿಸಿ ಎಂದು ನನ್ನ ಪಕ್ಕದ ಮೇಜಿನ ಲೊರೇನ್ ವೆಂಡೆಲ್‌ನನ್ನು ಮೂರು ಸಲ ಕೇಳಿದಳು. ಪೈ ಮಾತ್ರ ಒಯ್ದಿರಲಿಲ್ಲ.

"ಗುಮಾಸ್ತೆಯರು ಹೇಳಿದ್ದಕ್ಕೆಲ್ಲ ಹೊಳಪು ಕೊಡ್ತಾ ಕೂತ್ರೆ ಆಯ್ತು ಬಿಡಮ್ಮ," ಎಂದ ವೆಂಡೆಲ್.

ಎಂಬತ್ತಾರನೇ ಇಸವಿಯಲ್ಲಿ ಅವನೇ ನಿವೃತ್ತನಾದ. ಹೆಂಡತಿ ವರ್ನಾಳ ಸೊಂಟದ ಶಸ್ತ್ರಚಿಕಿತ್ಸೆ ಮರುತಿಂಗಳೇ ಇತ್ತು. ಅರ್ಜಿಯಲ್ಲಿ ಆ ವಿಮೆಯ ಪ್ರಶ್ನೆಗೆ ಹೌದು ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದ. ಅದನ್ನು ಪರದೆಗೆ ತುಂಬಿದವಳು ನಾನು. ಕಂಡ ಸಾಲುಗಳನ್ನೆಲ್ಲ ಚಾಚೂ ತಪ್ಪದೆ ತುಂಬಿದೆ.

ಆಸ್ಪತ್ರೆಯವರು ವರ್ನಾಳನ್ನು ವಿಮೆ ಇಲ್ಲವೆಂದು ಬಾಗಿಲಿನಿಂದಲೇ ವಾಪಸು ಕಳಿಸಿದರು. ಸರಿಪಡಿಸಲು ಆರು ವಾರ ಹಿಡಿಯಿತು. ಅಷ್ಟೂ ದಿನ ಆಕೆ ನೋವು ನುಂಗಿಕೊಂಡು ಕೋಲೂರಿ ನಡೆದಳು. ಆಕೆಯ ವಿಷಯದಲ್ಲಿ ನನಗೆ ಇಂದಿಗೂ ನಾಚಿಕೆಯಿದೆ, ವೆಂಡೆಲ್‌ನ ವಿಷಯದಲ್ಲಿ ಎಳ್ಳಷ್ಟೂ ಇಲ್ಲ.

ಕ್ಷಮೆ ಕೇಳಲು ಕೋಳಿ ಬೇಯಿಸಿಕೊಂಡು ಅವರ ಮನೆಗೆ ಹೋದೆ. ಊಟಕ್ಕೆ ಕೂರಿಸಿದರು. ನಡೆದದ್ದನ್ನು ಹೇಳಿದೆ. ವರ್ನಾ ಪೂರ್ತಿ ಕೇಳಿಸಿಕೊಂಡು ಗಂಡನತ್ತ ತಿರುಗಿದಳು.

"ಆ ಪರದೆ ಮಾಡಿದ ಪುಣ್ಯಾತ್ಮ ಯಾರು?"

ವೆಂಡೆಲ್ ಇನ್ನೊಂದು ಆಲೂಗಡ್ಡೆ ಬಡಿಸಿಕೊಂಡ. "ಯಾವುದೋ ಸಮಿತಿ," ಎಂದ.

"ಆ ಸಮಿತಿ ನಂಗೊತ್ತು," ಎಂದಳು ವರ್ನಾ. "ನಲವತ್ತು ವರ್ಷದಿಂದ ಅದರ ಅಂಗಿ ಒಗೀತಿರೋಳು ನಾನೇ."