ಎಂಡ ಮಧ್ಯಾಹ್ನದ ಮೇಲೆ

ಅತ್ತೆ ಆ ಮಾತನ್ನು ನಿಜವಾಗಿ ಆಡಿದಳೋ, ಅಥವಾ ಆಮೇಲೆ ನಾವೆಲ್ಲ ನಕ್ಕು ನಕ್ಕು ಹೇಳಿಕೊಂಡದ್ದರಿಂದ ಆಡಿದ ಹಾಗೆ ನನಗೆ ನೆನಪಿದೆಯೋ, ಖಚಿತವಾಗಿ ಹೇಳಲಾರೆ. ಬಂಗಾರಪೇಟೆಯ ಅಂಗಡಿಯೊಂದರಲ್ಲಿ ನಿಂತು ಅವಳಿಗೆ ಫೋನ್ ಮಾಡಿದ್ದು ನಿಜ. ಆಗ ಪಕ್ಕದಲ್ಲೇ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು ಎಂದು ನೆನಪು. ಆದರೆ ಆ ಅಂಗಡಿ ಸ್ಟೇಷನ್ನಿನಿಂದ ಸಾಕಷ್ಟು ದೂರದಲ್ಲಿದೆ. ಗಾಡಿಯ ಸದ್ದು ಅಲ್ಲಿಗೆ ಅಷ್ಟು ಜೋರಾಗಿ ಕೇಳುತ್ತದೆಯೇ ಎಂಬುದೇ ಈಗ ಅನುಮಾನ. ನಾನು ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಒಂದು ಕಾರಣ ಬೇಕಾಗಿ ನನ್ನ ಮನಸ್ಸೇ ಆ ಗಾಡಿಯನ್ನು ಓಡಿಸಿರಬಹುದು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕೆ.ಜಿ.ಎಫ್.ನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ಅವಳು, ಮಾವ, ಅವರ ಮಗಳು ಮತ್ತು ಅಳಿಯ ಇದ್ದಾರೆ. ಮಗಳು, ಅಳಿಯ ಭಾನುವಾರವೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಟುಬಿಡುತ್ತಾರೆ. ಮಾವ ಗಣಿ ಮುಚ್ಚುವವರೆಗೂ ಭೂಮಿಯ ಒಳಗೆ ಕೆಲಸ ಮಾಡಿದವರು. ಅಲ್ಲಿನ ದೂಳು ಅವರ ಎದೆಯಲ್ಲಿ ಉಳಿದುಕೊಂಡಿದೆ. ದಿನಕ್ಕೆ ಎರಡು ಸಲ, ಉಸಿರು ಕಟ್ಟಿದಾಗ ಇನ್ನೊಂದು ಸಲ, ಔಷಧಿಯನ್ನು ಹೊಗೆಯಂತೆ ಮಾಡಿ ಮೂಗು-ಬಾಯಿಗೆ ಕೊಡುವ ನೆಬುಲೈಸರ್ ಅವರಿಗೆ ಬೇಕು. ಅದು ಕರೆಂಟಿನಿಂದ ನಡೆಯುವ ಮಿಷನ್.

ಆಷಾಢದ ಗಾಳಿ ಎದ್ದರೆ ನಮ್ಮ ಕಡೆ ಕರೆಂಟು ನೆಚ್ಚಿಕೊಳ್ಳುವಂಥದ್ದಲ್ಲ. ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದ ಸಯನೈಡ್ ದಿಬ್ಬಗಳಿಂದ ಎದ್ದ ಬಿಳಿ ದೂಳು ಮನೆಯೊಳಗೆಲ್ಲ ಹರಡುತ್ತದೆ. ಮಾವನಿಗೆ ಮಿಷನ್ ಅತಿ ಹೆಚ್ಚು ಬೇಕಾಗುವ ದಿನಗಳೇ ಕರೆಂಟು ಇಲ್ಲದ ದಿನಗಳು. ಹಿಂದಿನ ವರ್ಷ ಅಂಥ ಒಂದು ದಿನ ಅವರು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಮೇಲೆತ್ತಿಕೊಂಡು, ಮಾತಾಡಲಾಗದೆ ಕೂತಿದ್ದರಂತೆ. ಅತ್ತೆ ಆಟೋ ಹುಡುಕಿ ಆಸ್ಪತ್ರೆಗೆ ಸಾಗಿಸಿದಳು. ಅಂದಿನಿಂದ ಅವಳಿಗೆ ಒಂದು ಅಭ್ಯಾಸವಾಗಿದೆ. ಯಾರ ಜೊತೆ ಮಾತಾಡುತ್ತಿದ್ದರೂ ಆಗಾಗ ತಲೆಯೆತ್ತಿ ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತಾಳೆ.

ಅದಕ್ಕೇ ಒಂದು ಬ್ಯಾಟರಿ ಡಬ್ಬ ತಂದೆವು. ಹಿಡಿಕೆ ಇರುವ, ಕೈಯಲ್ಲಿ ಎತ್ತಬಹುದಾದ ಡಬ್ಬ. ಅದರ ಮೈಮೇಲೇ ಪ್ಲಗ್ ಹಾಕುವ ಜಾಗವಿದೆ. ಅದನ್ನು ಪವರ್ ಸ್ಟೇಷನ್ ಎನ್ನುತ್ತಾರೆ ಎಂದಾಗ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಸ್ಟೇಸನ್ ಅಂತೆ. ಮಾರಿಕುಪ್ಪಂ ಸ್ಟೇಸನ್ನಾದ್ರೂ ಇದಕ್ಕಿಂತ ದೊಡ್ದಾಗೈತಲ್ಲೋ" ಎಂದಿದ್ದಳು. ಗೋಡೆಯ ಕರೆಂಟಿನಿಂದ ಅದು ತುಂಬಿಕೊಳ್ಳುತ್ತದೆ. ಆದರೆ ಗಾಳಿಗಾಲದಲ್ಲಿ ಕರೆಂಟು ದಿನವಿಡೀ ಬಾರದಿದ್ದರೆ? ಮಿಷನ್ನಿನ ಜೊತೆ ಮಾವನಿಗೆ ಫ್ಯಾನೂ ಬೇಕು. ಡಬ್ಬ ಸಂಜೆಯೊಳಗೆ ಬರಿದಾಗುತ್ತದೆ. ಆಗ ತುಂಬಲು ಬಿಸಿಲೇ ಗತಿ. ಮನೆಯದು ಹಳೆಯ ಶೀಟಿನ ಮಾಡು, ಹತ್ತಿದರೆ ಮುರಿಯುತ್ತದೆ. ಹಾಗಾಗಿ ಮಡಚಿ ಎತ್ತಿಡುವಂಥ ಸೋಲಾರ್ ಪ್ಯಾನೆಲ್ ಬೇಕಾಯಿತು. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಮನೆತನದಲ್ಲಿ ಎಂ.ಎಸ್‌ಸಿ. ಓದಿದವನು ನಾನೊಬ್ಬನೇ. ಅಂಗಡಿಯವರು ಏನು ಹೇಳಿದರೂ ನಂಬದವನು ಎಂಬ ಹೆಸರೂ ನನಗಿದೆ.

ನಂಬಲಿಲ್ಲ. ಕೂತಲ್ಲಿ ನಿಂತಲ್ಲಿ ವಾರಗಟ್ಟಲೆ ಓದಿದೆ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟ್ ಯಾವತ್ತೂ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ನೂರು ಎಂದು ಬರೆದಿದ್ದರೆ ಒಳ್ಳೆಯ ಬಿಸಿಲಿನಲ್ಲೂ ಮುಕ್ಕಾಲು ಭಾಗ ಸಿಕ್ಕರೆ ಪುಣ್ಯ. ಡಬ್ಬ ಎಷ್ಟು ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೋ ಪ್ಯಾನೆಲ್ಲು ಅದನ್ನು ಮೀರಬಾರದು, ಮೀರಿದರೆ ಡಬ್ಬವೇ ಸುಟ್ಟುಹೋದೀತು. ತಂತಿಯ ತುದಿಯ ಪಿನ್ನು ಡಬ್ಬದ ತೂತಿಗೆ ಸರಿಹೋಗಬೇಕು. ಇಷ್ಟನ್ನು ಪಾಸು ಮಾಡಿ ಕೊನೆಗೆ ನನ್ನೆದುರು ಉಳಿದವು ಎರಡು: ನೂರು ವ್ಯಾಟಿನದು, ಇನ್ನೂರು ವ್ಯಾಟಿನದು. ದೊಡ್ಡದು ಬೇಗ ತುಂಬಿಸುತ್ತದೆ, ಆದರೆ ಅತ್ತೆಯ ಮಂಡಿನೋವಿಗೆ ಅದನ್ನು ಎತ್ತಿ ಬಿಡಿಸಿ ಮಡಚುವುದು ಕಷ್ಟ. ಚಿಕ್ಕದನ್ನು ಅವಳು ಮೊರದಂತೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬಲ್ಲಳು. ದಿನಪೂರ್ತಿ ಬಿಸಿಲಿದ್ದರೆ ಚಿಕ್ಕದೇ ಸಾಕು.

ದಿನಪೂರ್ತಿ ಬಿಸಿಲಿದೆ ಎಂದು ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಬೆಳಗಿನ ಹೊತ್ತು ಅಂಗಳದಲ್ಲಿ ಹಳೆಯ ಸೀರೆ ಹಾಸಿ ಅತ್ತೆ ಸಂಡಿಗೆ ಇಡುತ್ತಿದ್ದಳು. ಬಾಗಿಲ ಪಕ್ಕ ನೆಲಕ್ಕೆ ಹೂತ ಒರಳುಕಲ್ಲಿನ ಮೇಲೆ ಕೂತು ನಾನು ಕಾಗೆ ಓಡಿಸುತ್ತಿದ್ದೆ. ಎಳೆ ಬಿಸಿಲಿಗೆ ಬೆನ್ನು ಬೆಚ್ಚಗಾಗುತ್ತಿತ್ತು. ಮಧ್ಯಾಹ್ನದ ಬಿಸಿಲನ್ನಂತೂ ದೊಡ್ಡವನಾದ ಮೇಲೆ ಹೋದಾಗಲೆಲ್ಲ ನೋಡಿದ್ದೇನೆ. ಬೇರೆಯವರ ಮಾತನ್ನೆಲ್ಲ ಪರೀಕ್ಷಿಸಿದ ನಾನು, ನನ್ನ ಬೆನ್ನಿನ ಮಾತನ್ನು ಮಾತ್ರ ಪರೀಕ್ಷಿಸಲಿಲ್ಲ.

ಆದರೂ ಕೊಳ್ಳುವ ಮೊದಲು ಕೇಳಿಬಿಡೋಣ ಎಂದು ಅಂಗಡಿಯಿಂದಲೇ ಫೋನ್ ಮಾಡಿದೆ.

"ಅತ್ತೆ, ಮನೆ ಮುಂದೆ ಬಿಸಿಲು ಎಷ್ಟು ಹೊತ್ತಿರ್ತದೆ?"

ಅವಳು ಬಾಯಿ ತೆರೆಯುವ ಮೊದಲೇ ಅಂಗಡಿಯವರು, "ಸರ್, ಲೋಡ್ ಏನು ಅಂತ ಮೊದಲು ಕೇಳಿ, ಕೊಡಿ ನಾನೇ ಕೇಳ್ತೀನಿ" ಎಂದು ಫೋನ್ ತೆಗೆದುಕೊಂಡು ಸ್ಪೀಕರಿಗೆ ಹಾಕಿದರು. ಅವರು ಈ ಕಡೆಯವರಲ್ಲ.

"ಅಮ್ಮಾ, ಯಾವ ಮಿಷನ್ ಓಡಿಸ್ತೀರ?"

"ಒಗೆ ಮಿಸನ್ನು."

"ವಾಷಿಂಗ್ ಮಿಷನ್ನಾ? ಅಯ್ಯೋ, ಅದಕ್ಕೆಲ್ಲ ಈ ಡಬ್ಬ ಆಗಲ್ಲಮ್ಮ!"

"ಬಟ್ಟೆ ಒಗೆಯಾದಲ್ಲ ಕಣಪ್ಪ! ಮೂಗಿಗೆ ಒಗೆ ಬುಡಾದು!"

ನಾನು ನಗುತ್ತ ಫೋನ್ ವಾಪಸು ಪಡೆದೆ. ನಮ್ಮ ಕಡೆಯ ಬಾಯಲ್ಲಿ ಹ ನಿಲ್ಲುವುದಿಲ್ಲ. ಹೊಗೆ ಒಗೆಯಾಗುತ್ತದೆ, ಹೋಗು ಓಗಾಗುತ್ತದೆ. ಅದನ್ನು ಅಂಗಡಿಯವರಿಗೆ ವಿವರಿಸಿದೆ. ಈ ಗದ್ದಲದಲ್ಲಿ ನನ್ನ ಮೊದಲ ಪ್ರಶ್ನೆ ನನಗೇ ಮರೆತಿತ್ತು. "ಮಾವ ಹೇಗಿದ್ದಾರೆ?" ಎಂದೆ. ಅವಳು ಇನ್ನೂ ಮೊದಲನೆಯ ಪ್ರಶ್ನೆಯಲ್ಲೇ ಇದ್ದಳು.

"ಎಂಡಾನಾ? ಎಂಡ ಮದ್ಯಾನದ ಮ್ಯಾಲೇನೇ ಕಣ್ಲಾ. ಬೆಳಿಗ್ಗೆ ಒಂದ್ ಚೂರೂ ಇರಲ್ಲ. ಮದ್ಯಾನ ಆಯ್ತೂಂದ್ರೆ ಮಾತ್ರ ತಡ್ಕಣಕ್ಕಾಗಲ್ಲ."

ಇದು ಆ ಮಾತು. ಅಥವಾ ಹೆಚ್ಚುಕಡಿಮೆ ಇದು.

ಮಾವ ಗಣಿಯಲ್ಲಿದ್ದಾಗ ಶಿಫ್ಟ್ ಮುಗಿಸಿ ಹೆಂಡ ಕುಡಿಯುತ್ತಿದ್ದವರು, ಎದೆಯ ಕಾಯಿಲೆ ಗೊತ್ತಾದ ಮೇಲೆ ಬಿಟ್ಟವರು. ಈಗ ಮತ್ತೆ ಶುರುವಾಗಿದೆ, ಅದೂ ಹಗಲಿನಲ್ಲೇ. ಅಂಗಡಿಯವರ ಮುಂದೆ ಮನೆಯ ವಿಷಯ ಬೇಡವೆಂದು "ಸರಿ ಅತ್ತೆ, ಬಂದು ಮಾತಾಡ್ತೀನಿ" ಎಂದು ಫೋನ್ ಇಟ್ಟೆ. ಬಿಸಿಲಿನ ಮಾತು ಬಂದೇ ಇಲ್ಲ ಎಂದುಕೊಂಡೆ. ಬರದಿದ್ದರೂ ನನಗೆ ಗೊತ್ತಿರುವುದೇ ತಾನೆ. ನೂರು ವ್ಯಾಟಿನದನ್ನು ಕಟ್ಟಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಪ್ಯಾನೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಮಾವನಿಗೆ ಹೇಗೆ ಬುದ್ಧಿ ಹೇಳುವುದೆಂಬ ಯೋಚನೆ. ಮನೆ ತಲುಪಿದಾಗ ಮಾವ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು, ಕಣ್ಣು ತಿಳಿಯಾಗಿತ್ತು. ಇನ್ನೂ ಮಧ್ಯಾಹ್ನವಾಗಿಲ್ಲವಲ್ಲ ಎಂದುಕೊಂಡೆ. ಅಂಗಳದಲ್ಲಿ ಪ್ಯಾನೆಲ್ ಬಿಡಿಸಿ, ತಂತಿಯನ್ನು ಡಬ್ಬಕ್ಕೆ ಸಿಕ್ಕಿಸಿದೆ. ಡಬ್ಬದ ಪುಟ್ಟ ಪರದೆಯಲ್ಲಿ ಒಳಗೆ ಬರುತ್ತಿರುವ ವ್ಯಾಟ್ ಕಾಣುತ್ತದೆ. ಹತ್ತಕ್ಕೂ ಕಡಿಮೆ, ಒಂದೇ ಅಂಕಿ ಕಂಡಿತು. ಪಿನ್ನು ತೆಗೆದು ಹಾಕಿದೆ. ಮತ್ತೆ ಅದೇ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೆರಳಾಗೆ ಇಕ್ಕಿ ಏನ್ಲಾ ನೋಡ್ತಾ ಇದ್ದೀಯ?"

ಹೌದು, ನೆರಳು. ಮನೆಯ ಬಾಗಿಲು ಪಡುವಣಕ್ಕೆ. ಮನೆಯ ನೆರಳೇ ಅಂಗಳವನ್ನೆಲ್ಲ ಮುಚ್ಚಿತ್ತು.

"ನಾನ್ ಯೋಳಿದ್ನಲ್ಲಾ ಪೋನಾಗೆ, ಎಂಡ ಮದ್ಯಾನದ ಮ್ಯಾಲೇ ಬರಾದೂಂತ."

ಆಗ ಹೊಳೆಯಿತು. ಮಾವನ ಮನೆಮಾತು ತೆಲುಗು, ಆಂಧ್ರದ ಗಡಿಗೆ ಹತ್ತಿರದ ಕ್ಯಾಸಂಬಳ್ಳಿ ಕಡೆಯವರು. ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು. ಮದುವೆಯಾದಾಗಿನಿಂದ ಅತ್ತೆಗೂ ಬಿಸಿಲು ಎಂಡವೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹ ಇಲ್ಲದ ಊರಿನಲ್ಲಿ ಹೆಂಡವೂ ಎಂಡವೇ. ಆಗತಾನೆ ಹೊಗೆ-ಒಗೆಯ ಪಾಠ ಹೇಳಿ ಮುಗಿಸಿದ್ದ ನನ್ನ ತಲೆ, ಕೇಳಿದ ಮಾತಿಗೆ ತಾನೇ ಒಂದು ಹ ಸೇರಿಸಿಕೊಂಡಿತ್ತು.

"ಅತ್ತೆ, ನಾನು... ಮಾವ ಮಧ್ಯಾಹ್ನ ಹೆಂಡ ಕುಡೀತಾರೆ ಅಂದ್ಕೊಂಡೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ಮಾವ, "ಏಮ್ರಾ, ಏನಂತೆ?" ಎಂದರು.

"ನೀನು ಮದ್ಯಾನ ಕುಡುದು ತಡ್ಕಣಕ್ಕಾಗ್ದಂಗೆ ಆಡ್ತೀಯಂತೆ! ದೊಡ್ಡ ಓದು ಓದವ್ನಲ್ಲ, ಕಂಡು ಇಡುದವ್ನೆ!"

ಮಾವ ನಕ್ಕರು. "ಅಂಗಾದ್ರೆ ಆ ಡಬ್ಬಕ್ಕೂ ನಂಗೂ ಒಂದೇ ಕಣಪ್ಪ, ಎಂಡ ಬಿದ್ರೇನೇ ಚಾರ್ಜಾಗಾದು" ಎಂದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅತ್ತೆಯ ಮುಖದ ನಗು ಅಲ್ಲೇ ಆರಿತು. ಫ್ಯಾನಿನ ಕಡೆ ನೋಡಿದಳು, ತಿರುಗುತ್ತಿತ್ತು. ಮಿಷನ್ ಹಾಕಿದಳು. ಅದು ಗುರ್ ಎನ್ನುತ್ತಿದ್ದಷ್ಟು ಹೊತ್ತೂ ಮಾವನ ಬೆನ್ನು ಸವರುತ್ತಿದ್ದಳು.

ಮಾವನ ಉಸಿರು ಸರಿಯಾದ ಮೇಲೆ ನಾನು ಸಂಡಿಗೆಯ ಮಾತೆತ್ತಿದೆ. ಬೆಳಗಿನ ಬಿಸಿಲು, ಒರಳುಕಲ್ಲು, ಕಾಗೆ. ಅತ್ತೆ ಯೋಚಿಸಿ, "ಅದು ಈ ಮನೆಯಲ್ಲ ಕಣ್ಲಾ. ಆವಾಗ ನಾವು ಎದುರು ಸಾಲ್ನಾಗಿದ್ವಿ. ಆಮೇಕೆ ಇತ್ಲಾಗೆ ಬಂದಿದ್ದು" ಎಂದಳು. ಮಾವ ಒಪ್ಪಲಿಲ್ಲ. ಎದುರು ಸಾಲಿನಲ್ಲಿದ್ದದ್ದು ಅವರ ಅಣ್ಣನಂತೆ. ಸಂಡಿಗೆ ಇಡಲು ಅತ್ತೆ ಅಲ್ಲಿಗೆ ಹೋಗುತ್ತಿದ್ದಳಂತೆ. ಇಬ್ಬರೂ ತಮ್ಮ ತಮ್ಮ ಮಾತಿಗೆ ಗಟ್ಟಿಯಾಗಿ ನಿಂತರು. ನನ್ನ ಬೆನ್ನು ಬೆಚ್ಚಗಾಗಿದ್ದಂತೂ ಇಬ್ಬರಿಗೂ ಗೊತ್ತಿರಲಿಲ್ಲ.

ಓಣಿ ದಾಟಿದರೆ ಎದುರು ಸಾಲು. ಅಲ್ಲಿ ಗದಗದ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವವರ ಸಂಸಾರವಿದೆ. ಅವರ ಅಂಗಳದ ತುಂಬ ಬಿಸಿಲು ಬಿದ್ದಿತ್ತು. ಬಾಗಿಲ ಪಕ್ಕ ನೆಲಕ್ಕೆ ಹೂತ ಒರಳುಕಲ್ಲೂ ಇತ್ತು. ನಾನು ಅದನ್ನು ತೋರಿಸಿದಾಗ ಮಾವ, "ಒರಳು ಯಾವ ಮನೇಲಿರ್ಲಿಲ್ಲಪ್ಪ ಆವಾಗ?" ಎಂದುಬಿಟ್ಟರು. ಅದೂ ಸರಿಯೇ.

ಇನ್ನೂರು ವ್ಯಾಟಿನದಕ್ಕೆ ಬದಲಾಯಿಸಿಕೊಂಡು ಬರುತ್ತೇನೆ, ಅರ್ಧ ದಿನದ ಬಿಸಿಲಿಗೆ ದೊಡ್ಡದೇ ಬೇಕು ಎಂದು ಹೇಳಿ ನಾನು ಪ್ಯಾನೆಲ್ ಮಡಚತೊಡಗಿದೆ. ಅತ್ತೆ ಮಡಚಲು ಬಿಡಲಿಲ್ಲ. "ಆ ದೊಡ್ಡದನ್ನ ಎತ್ತಾಕೋರು ಯಾರು, ನೀನ್ ದಿನಾ ಬತ್ತೀಯ?" ಎಂದು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಣಿ ದಾಟಿದಳು. ನಾನು ಡಬ್ಬ ಹಿಡಿದು ಹಿಂದೆ ಹೋದೆ. ಎದುರು ಮನೆಯಾಕೆ ಹಪ್ಪಳ ಒಣಹಾಕುತ್ತಿದ್ದರು. ಅತ್ತೆ ವಿಷಯ ಹೇಳಿದಳು: ಮಧ್ಯಾಹ್ನದವರೆಗೆ ಇಲ್ಲಿ ಇಟ್ಟುಕೊಳ್ಳಲೇ, ಆಮೇಲೆ ನಮ್ಮ ಕಡೆ ಬಿಸಿಲು ಬರುತ್ತದೆ.

"ಇಡ್ರೀ ಅಮ್ಮಾರ, ಬಿಸಲಿಗೇನ ಬಾಡಿಗಿ ಹಚ್ಚೂನೇನು? ನನ್ನ ಹಪ್ಪಳಕ್ಕಷ್ಟ ಜಾಗಾ ಬಿಡ್ರಿ."

"ಅಪ್ಪಳದ ಜತೆ ಇದೂ ಒಣಗ್ಲಿ" ಎಂದು ಅತ್ತೆ ಪ್ಯಾನೆಲ್ ಬಿಡಿಸಿದಳು. ಡಬ್ಬವನ್ನು ಅವರ ಬಾಗಿಲೊಳಗೆ ನೆರಳಿನಲ್ಲಿಟ್ಟೆವು. ಪರದೆಯಲ್ಲಿ ಎಪ್ಪತ್ತರ ಆಸುಪಾಸಿನ ಅಂಕಿ ಬಂತು. ಅತ್ತೆ ಒಳಗಿನಿಂದ ಅರಿಶಿನ-ಕುಂಕುಮ ಕೇಳಿ ತಂದು ಪ್ಯಾನೆಲ್ಲಿನ ನಟ್ಟನಡುವೆ ದೊಡ್ಡ ಬೊಟ್ಟಿಟ್ಟಳು. ಅಷ್ಟು ಜಾಗ ಮುಚ್ಚಿದರೂ ನಷ್ಟವೇ ಎಂದು ನಾನು ಹೇಳಿದ ಮೇಲೆ, ಗೊಣಗುತ್ತ ಅದನ್ನು ಒರೆಸಿ, ಅಂಚಿನ ಬಟ್ಟೆಗೆ ಇಟ್ಟಳು. ದೂಳು ಕೂತಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂದೂ ಹೇಳಿದೆ. ಈಗ ದೇವರ ಪಟಗಳ ಜೊತೆ ಅದನ್ನೂ ಒರೆಸುತ್ತಾಳಂತೆ.

ಆಷಾಢ ಬಂತು. ಒಂದು ದಿನ ಕರೆಂಟು ಬೆಳಿಗ್ಗೆ ಹೋಗಿ ಸಂಜೆಯಾದರೂ ಬರಲಿಲ್ಲವಂತೆ, ಮಾವನಿಗೆ ಏನೂ ತೊಂದರೆಯಾಗಲಿಲ್ಲವಂತೆ. ಅತ್ತೆ ಹೇಳುವಾಗ ಆ ದಿನ ಮಿಷನ್ ಹಾಕಿದ್ದು ಮೂರು ಸಲ. ಮಾವ ಹೇಳುವಾಗ ಒಂದೇ ಸಲ, ಅದೂ ಇವಳ ಕಾಟಕ್ಕೆ. ಕರೆಂಟು ಮಧ್ಯದಲ್ಲಿ ಒಮ್ಮೆ ಬಂದು ಹೋಗಿತ್ತು ಎಂದು ಅವರ ಮಗಳು. ಎದುರು ಸಾಲಿನ ಮನೆ ಯಾರದಾಗಿತ್ತು ಎಂಬುದರ ಹಾಗೆ ಇದೂ ತೀರ್ಮಾನವಾಗುವಂತೆ ಕಾಣಲಿಲ್ಲ.

ಅದಕ್ಕೇ, ಬಿಸಿಲೊಂದರಿಂದಲೇ ಡಬ್ಬ ಸಾಕಾಗುತ್ತದೆಯೇ ಎಂದು ಕಣ್ಣಾರೆ ನೋಡಲು ಮತ್ತೊಮ್ಮೆ ಹೋದೆ. ಹೋಗುವ ಹಿಂದಿನ ದಿನವೇ ಡಬ್ಬವನ್ನು ಫ್ಯಾನಿಗೆ ಹಾಕಿ ಪೂರ್ತಿ ಬರಿದು ಮಾಡಿ, ಗೋಡೆಯ ಪ್ಲಗ್ಗಿನಿಂದ ತೆಗೆದಿಡಲು ಹೇಳಿದ್ದೆ. ಬೆಳಿಗ್ಗೆ ಎದುರು ಅಂಗಳದಲ್ಲಿ ಹಪ್ಪಳದ ಪಕ್ಕ, ಮಧ್ಯಾಹ್ನದ ಮೇಲೆ ಅತ್ತೆಯ ಅಂಗಳದಲ್ಲಿ, ಪ್ಯಾನೆಲ್ಲಿನ ಜೊತೆ ನಾನೂ ಬಿಸಿಲಿನ ಹಿಂದೆ ಓಣಿ ದಾಟಿದೆ. ಸಂಜೆ ಮಾವನ ಔಷಧಿಯ ಹೊತ್ತಿಗೆ ಮನೆಯ ಮೇನ್ ಸ್ವಿಚ್ಚನ್ನು ನಾನೇ ಆರಿಸಿದೆ. ಫ್ಯಾನು ನಿಂತಿತು. ಅತ್ತೆ ತಲೆಯೆತ್ತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮಿಷನ್ನಿನ ಪ್ಲಗ್ಗನ್ನು ಡಬ್ಬಕ್ಕೆ ಸಿಕ್ಕಿಸಿದಳು. ಔಷಧಿ ಕೊನೆಯ ಹನಿಯವರೆಗೆ ಹೊಗೆಯಾಗಿ ಮುಗಿಯುವ ತನಕ ಮಿಷನ್ ಒಮ್ಮೆಯೂ ನಿಲ್ಲಲಿಲ್ಲ.