ಎಲ್ಲರೂ ಮನೆಗೆ ಬರುವ ಕತೆಗಳು

ಕುಂದಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆಯ ಕೌಂಟರ್ ನನ್ನದು, ಪಕ್ಕದ ಚೂಡಿದಾರದ ಕೌಂಟರ್ ನನ್ನ ಗೆಳತಿಯದು. ನಾನು ನಾವುಂದದಿಂದ ಬರುತ್ತೇನೆ, ಅವಳು ಕೋಡಿಯಿಂದ. ನಮ್ಮಿಬ್ಬರನ್ನು ಹತ್ತಿರ ತಂದದ್ದು ಮಾತ್ರ ಒಂದು ಅಂತರಿಕ್ಷ ನೌಕೆ. ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಯದು. ಏಳು ಜನ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಮೆಕ್ಯಾನಿಕ್ ಒಂದು ದಿನ ರಿಪೇರಿಗೆಂದು ನೌಕೆಯ ಹೊರಗೆ ಹೋದ, ಹಗ್ಗ ತುಂಡಾಯಿತು. ಧಾರಾವಾಹಿಯೂ ಅಲ್ಲಿಗೇ ನಿಂತುಹೋಯಿತು. ಮುಂದೆ ಏನಾಯಿತೆಂದು ಹೇಳುವ ಪುಣ್ಯಾತ್ಮರೇ ಇರಲಿಲ್ಲ.

ಆಗ ನನಗೆ ಫ್ಯಾನ್ ಫಿಕ್ಷನ್ನಿನ ರುಚಿ ಹತ್ತಿತು. ಅದೇ ನೌಕೆ, ಅದೇ ಜನ, ಮುಂದಿನ ಕತೆಯನ್ನು ಧಾರಾವಾಹಿ ನೋಡಿದವರೇ ಇಂಟರ್ನೆಟ್ಟಿನಲ್ಲಿ ಬರೆದುಕೊಳ್ಳುವುದು. ಪ್ರಸಂಗ ಒಂದೇ, ಅರ್ಥ ಹೇಳುವವರು ಬೇರೆ ಬೇರೆ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ನಾನು ರಾಶಿ ಓದಿ, ಒಳ್ಳೆಯದನ್ನು ಆರಿಸಿ, ವಾಟ್ಸಾಪಿನಲ್ಲಿ ನಾಲ್ಕಾರು ಜನರಿಗೆ ಕಳಿಸುತ್ತಿದ್ದೆ. ಕತೆ ಎಷ್ಟು ಉದ್ದ, ಮುಗಿದಿದೆಯೇ, ಯಾರಾದರೂ ಸಾಯುತ್ತಾರೆಯೇ ಎಂದು ಮೊದಲೇ ಬರೆದುಬಿಡುತ್ತಿದ್ದೆ. ನನ್ನ ಶಿಫಾರಸೆಂದರೆ ಕಣ್ಣು ಮುಚ್ಚಿ ಓದಬಹುದು ಎಂಬ ಜಂಬವೂ ಇತ್ತು.

ಗೆಳತಿಗೆ ಕಳಿಸುವಾಗ ಮಾತ್ರ ಜರಡಿ ಬೇರೆ. ಅವಳ ಅಣ್ಣ ಮೀನಿಗೆ ಹೋದವನು ಬರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ನಾನು ಅಂಗಡಿಗೆ ಸೇರುವ ಹಿಂದಿನ ವರ್ಷದ ಮಾತು. ನನ್ನಮ್ಮ ಮೀನು ಮಾರುವವಳು, ಚಿಕ್ಕಂದಿನಲ್ಲೇ ಕಲಿಸಿದ್ದಳು: "ಕಡ್ಲಿಗ್ ಹೋಪರ್ ಮನಿಯಂಗೆ ಮುಳುಗಿದ್ ಸುದ್ದಿ ತೆಗಿಬ್ಯಾಡ." ನಾನು ಆ ನಿಯಮವನ್ನು ಆಕಾಶಕ್ಕೂ ಹಚ್ಚಿದೆ. ಮೆಕ್ಯಾನಿಕ್ ಬದುಕಿ ಬರುವ ಕತೆ, ಹಗ್ಗವೇ ತುಂಡಾಗದ ಕತೆ, ಅವನ ಮದುವೆಯ ಕತೆ, ಇಂಥವನ್ನೇ ಹೆಕ್ಕಿ ಕೊಟ್ಟೆ. ಅವಳು ಓದಿ "ಲಾಯ್ಕ್ ಇತ್ತ್" ಎನ್ನುತ್ತಿದ್ದಳು. ಅಣ್ಣನ ಬಗ್ಗೆ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ವರ್ಷ ಹೀಗೇ ಹೋಯಿತು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದೆವು. ಅವಳು ಡಬ್ಬಿಯ ಮುಚ್ಚಳ ತೆಗೆಯದೆ ಕೇಳಿದಳು: "ಹ್ವಾಯ್, ನೀ ಕಳ್ಸಿದ್ ಕಥಿಯಂಗೆಲ್ಲ ಅವ ಮನಿಗ್ ಬತ್ತ. ಬಾರದ್ ಕಥಿ ಒಂದೂ ಇಲ್ಯಾ?"

ನಾನು ತಡವರಿಸಿದೆ. ಇವೆ, ಅಷ್ಟು ಚೆಂದ ಇಲ್ಲ ಎಂದೆ.

"ಸುಳ್ ಹೇಳ್ಬ್ಯಾಡ ಮಾರಾಯ್ತಿ. ಓದಿ ಓದಿ ನಂಗೆ ಸಿಟ್ಟೇ ಬತ್ತಿತ್. ಹುಡ್ಕುದ್ ನಿಲ್ಸಿದ್ ದಿನ ಹ್ಯಾಂಗಿದ್ದಿತ್ ಅಂದ್ ಯಾರೂ ಬರೀಲಿಲ್ಯಾ?"

ನನ್ನ ಜಾಗ್ರತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ನಾಚಿಕೆಯೂ ಆಯಿತು. ನಾನು ಕಾಪಾಡುತ್ತಿದ್ದದ್ದು ಅವಳನ್ನಲ್ಲ, ಅವಳ ಮುಂದೆ ಕೂರಲು ಹೆದರುವ ನನ್ನನ್ನು. ಅವಳು ಇನ್ನು ನನ್ನನ್ನು ಏನೂ ಕೇಳದಿದ್ದರೆ ಎಂಬ ಭಯ ಆಗಲೇ ಹುಟ್ಟಿತು.

ವಾರವಿಡೀ ಬಸ್ಸಿನಲ್ಲಿ ಫೋನು ಹಿಡಿದು ಹುಡುಕಿದೆ. ತ್ರಾಸಿಯಲ್ಲಿ ಕಡಲು ರಸ್ತೆಗೇ ಹಾರುವ ದಿನಗಳು, ನಾನು ತಲೆ ಎತ್ತಲಿಲ್ಲ. ಕೊನೆಗೆ ಒಂದು ಚಿಕ್ಕ ಕತೆ ಸಿಕ್ಕಿತು. ಯಾರೋ ಹೊಸಬರು ಬರೆದದ್ದು, ಮೆಚ್ಚಿದವರೂ ಕಡಿಮೆ. ಹುಡುಕಲು ಹೋದವರು ಬರಿಗೈಯಲ್ಲಿ ನೌಕೆಗೆ ಮರಳುತ್ತಾರೆ. ಕ್ಯಾಪ್ಟನ್ ತಾನೇ ಚಹಾ ಮಾಡಿ ಎಲ್ಲರಿಗೂ ಕೊಡುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಅದನ್ನು ಗೆಳತಿಗೆ ಕಳಿಸಿದೆ. ಎಚ್ಚರಿಕೆ, ಟಿಪ್ಪಣಿ ಏನನ್ನೂ ಬರೆಯಲಿಲ್ಲ.

ಮಾರನೆಯ ದಿನ ಅವಳು ಊಟದ ಹೊತ್ತಿಗೆ ನನ್ನೆದುರೇ ಕೂತು ಓದಿದಳು. ಎರಡು ಸಲ ಓದಿದಳೆಂದು ಕಾಣುತ್ತದೆ. ಫೋನನ್ನು ಬೋರಲು ಇಟ್ಟು ಹೇಳಿದಳು: "ಸಮಾ ಬರ್ದಿರ್. ನಮ್ಮನಿಯಂಗೂ ಹೀಂಗೇ. ಹುಡ್ಕುಕೆ ಹೋದರೆಲ್ಲ ಬಂದ್ ಜಗಲಿಯಂಗೆ ಕೂತ್ರ್, ಅಮ್ಮ ಚಾ ಕೊಟ್ಳ್. ಆರೆ ಆಮೇಲೆ ಆ ಲೋಟ ಎಲ್ಲ ತೊಳ್ದದ್ ಯಾರ್ ಅಂದ್ ಇದ್ರಂಗೆ ಬರೀಲಿಲ್ಲೆ."

"ಯಾರ್ ತೊಳ್ದದ್?" ಎಂದು ಕೇಳಿದೆ. ಅಣ್ಣನ ವಿಷಯದಲ್ಲಿ ನಾನು ಅವಳಿಗೆ ಕೇಳಿದ ಮೊದಲ ಪ್ರಶ್ನೆ ಅದು.

"ನಾನೇ," ಎಂದಳು. ಆಮೇಲೆ ಅಂಗಡಿಯವರು ಕರೆಯುವವರೆಗೂ ಅವಳು ಅಣ್ಣನ ಬಗ್ಗೆ ಹೇಳುತ್ತಲೇ ಇದ್ದಳು.